ಮನೆಮನೆಯ ಕಂಪ್ಯೂಟರ್ ಕಂಡ ಕೊರೋನಾದ ಗುಟ್ಟು

ಮಗ ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಆಟ ಆಡುತ್ತಾ ಕೂತರೆ ಉಮ್ಮಂದಿರಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ 2020ರಲ್ಲಿ ಜಗತ್ತಿನ ಲಕ್ಷಾಂತರ ಮನೆಗಳ ಇಂಥದ್ದೇ ಕಂಪ್ಯೂಟರ್‌ಗಳು ಒಂದು ದೊಡ್ಡ ಕೆಲಸ ಮಾಡಿದ್ದುಂಟು. ಅದೇನು ಅಂತ ತಿಳಿಯಲು ನಾವು ಮೊದಲು ಅಡುಗೆಮನೆಗೆ ಹೋಗೋಣ.

ಕಾದ ಕಾವಲಿಗೆ ಮೊಟ್ಟೆ ಒಡೆದು ಹಾಕಿದರೆ ನೀರಿನಂತಿದ್ದ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದರಲ್ಲಿದ್ದ ಪ್ರೋಟೀನ್‌ಗಳು ಬಿಸಿಗೆ ಆಕಾರ ಕಳೆದುಕೊಂಡು ಒಂದಕ್ಕೊಂದು ಸಿಕ್ಕಿಕೊಂಡವು, ಅಷ್ಟೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದ ಸರ. ಆ ಸರ ಮಡಚಿಕೊಂಡ ಆಕಾರದ ಮೇಲೆ ಅದರ ಕೆಲಸ ನಿಂತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್, ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಎಲ್ಲವೂ ಪ್ರೋಟೀನ್‌ಗಳೇ.

ಆದರೆ ಪ್ರೋಟೀನ್ ಸುಮ್ಮನೆ ನಿಲ್ಲುವುದಿಲ್ಲ. ಬಾಗುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಸಿಗುವುದು ಒಂದು ಫೋಟೋ. ವಿಡಿಯೋ ಬೇಕಾದರೆ ಕಂಪ್ಯೂಟರೇ ಗತಿ. ಯಾವ ಪರಮಾಣು ಯಾವುದನ್ನು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಅಂತ ಲೆಕ್ಕ ಹಾಕಿ ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತಾ ಹೋಗಬೇಕು. 1977ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಅವರ ತಂಡ ಮೊದಲ ಬಾರಿ ಒಂದು ಸಣ್ಣ ಪ್ರೋಟೀನಿನ ಚಲನೆಯನ್ನು ಹೀಗೆ ತೋರಿಸಿತು. ಎಷ್ಟು ಹೊತ್ತಿನ ಚಲನೆ? ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 9 ಪಾಲು! 2013ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಕಾರ್ಪ್ಲಸ್ ಒಬ್ಬರು.

ಹೆಚ್ಚು ಹೊತ್ತಿನ ಚಲನೆ ನೋಡಲು ಒಂದೆರಡು ಕಂಪ್ಯೂಟರ್ ಸಾಲದು. 2000ದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಫೋಲ್ಡಿಂಗ್ ಅಟ್ ಹೋಮ್’ ಈ ಲೆಕ್ಕವನ್ನು ತುಂಡು ತುಂಡು ಮಾಡಿ ಮನೆಮನೆಯ ಕಂಪ್ಯೂಟರ್‌ಗಳಿಗೆ ಹಂಚಿತು. ಕೊರೋನಾ ಬಂದಾಗ ಜನ ಮುಗಿಬಿದ್ದು ಸೇರಿದರು. 2020ರ ಮಾರ್ಚಿನಲ್ಲಿ ಆಗಿನ ಯಾವ ಸೂಪರ್ ಕಂಪ್ಯೂಟರಿಗೂ ಇಲ್ಲದ ಶಕ್ತಿ ಅದಕ್ಕೆ ಬಂತು. ಕೊರೋನಾ ವೈರಸ್ಸಿನ ಮೈಮೇಲಿನ ಮುಳ್ಳು, ಅಂದರೆ ಸ್ಪೈಕ್ ಪ್ರೋಟೀನ್, ನಮ್ಮ ಜೀವಕೋಶಕ್ಕೆ ಅಂಟಲು ಬಾಯಿ ತೆರೆಯುವ ಬಗೆ ಅದರಲ್ಲಿ ಕಂಡಿತು. ಫೋಟೋದಲ್ಲಿ ಕಾಣದಿದ್ದ, ಔಷಧಿ ಹೋಗಿ ಕೂರಬಹುದಾದ ಸಂದುಗಳೂ ವೈರಸ್ಸಿನ ಪ್ರೋಟೀನ್‌ಗಳಲ್ಲಿ ಕಂಡವು.

ಕಂಪ್ಯೂಟರಿನಲ್ಲಿ ಕಂಡದ್ದೇ ಮದ್ದಾಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆ ಆಗಲೇಬೇಕು. ಆದರೂ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುವುದು ಸಣ್ಣ ಸಂಗತಿಯಲ್ಲ.

ಪಿಯುಸಿ ವಿಜ್ಞಾನ ಓದುವ ಮಕ್ಕಳ ಮುಂದೆ ನಾವು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿ ಇಡುತ್ತೇವೆ. ಮೂರನೆಯದೂ ಉಂಟು. ಪ್ರೋಟೀನ್ ಸರ ಎತ್ತ ಬಾಗಬಹುದು, ಎತ್ತ ಬಾಗಲಾರದು ಎಂದು 1963ರಲ್ಲೇ ನಕ್ಷೆ ಕೊಟ್ಟ ಜಿ.ಎನ್. ರಾಮಚಂದ್ರನ್ ಕಟ್ಟಿದ ವಿಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಲೆಕ್ಕವೂ ಜೀವಶಾಸ್ತ್ರವೂ ಇಷ್ಟ ಅನ್ನುವ ಮಗಳಿಗೆ, ಮಗನಿಗೆ ಆ ದಾರಿಯನ್ನೂ ತೋರಿಸೋಣ.