ಉಗಾರ ಬುದ್ರುಕಕ್ಕೆ ಬೇಕು 35 ಬೈಟ್: ಸಿ ಭಾಷೆಯಲ್ಲಿ ಸ್ಮೃತಿಯ ಲೆಕ್ಕಾಚಾರ

ಬೆಳಗಾವಿ ಜಿಲ್ಲೆ ಕಾಗವಾಡ ತಾಲೂಕಿನ ‘ಉಗಾರ ಬುದ್ರುಕ’ದ ಹೆಸರನ್ನು ಕಾಗದದ ಮೇಲೆ ಬರೆದರೆ ಆರು ಅಕ್ಷರಗಳು. ಅದನ್ನೇ ಗಣಕಯಂತ್ರದಲ್ಲಿ ಯೂನಿಕೋಡ್‌ನ ಯುಟಿಎಫ್-8 ಸಂಕೇತದಲ್ಲಿ ಶೇಖರಿಸಲು 34 ಬೈಟ್‌ಗಳು ಬೇಕು. ತಂತ್ರಾಂಶವು ಸಿ ಭಾಷೆಯದಾದರೆ, ಹೆಸರು ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ಸೊನ್ನೆಯ ಬೈಟ್ ಸೇರಿ 35. ಇಂಗ್ಲಿಷ್ ಲಿಪಿಯಲ್ಲಾದರೆ ಅದೆಲ್ಲ 12 ಬೈಟ್‌ಗಳಲ್ಲಿ ಮುಗಿಯುತ್ತದೆ.

ಕಾರಣ ಸರಳ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ‘ದ್ರು’ ಒಳಗೆ ದಕಾರ, ಅರ್ಧಾಕ್ಷರ ಚಿಹ್ನೆ, ರಕಾರ, ಉಕಾರದ ಕೊಂಬು ಎಂಬ ನಾಲ್ಕು ಸಂಕೇತಗಳಿವೆ. ಅಂದರೆ 12 ಬೈಟ್. ಇಂಗ್ಲಿಷಿನ ಇಡೀ ಊರಿನ ಹೆಸರಿಗೆ ಸಾಲುವ ಜಾಗವನ್ನು ನಮ್ಮ ಒಂದು ಒತ್ತಕ್ಷರವೇ ನುಂಗಿಬಿಡುತ್ತದೆ!

ಈ ಜಾಗವನ್ನು ಕೊಡುವವರು ಯಾರು? ಇಂದಿನ ಬಹುತೇಕ ಭಾಷೆಗಳಲ್ಲಿ ಅದನ್ನು ಭಾಷೆಯೇ ನೋಡಿಕೊಳ್ಳುತ್ತದೆ. ಆದರೆ 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚೀ ರೂಪಿಸಿದ ಸಿ ಭಾಷೆಯಲ್ಲಿ ಈ ಹೊಣೆ ಪೂರ್ತಿಯಾಗಿ ತಂತ್ರಾಂಶ ಬರೆಯುವವನದು. ಬೆಳಗಾವಿಯಲ್ಲೇ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿದ್ಯಾರ್ಥಿಗಳು ‘ಡೈನಾಮಿಕ್ ಮೆಮೊರಿ ಅಲೋಕೇಶನ್’ ಎಂಬ ಹೆಸರಿನಲ್ಲಿ ಓದುವುದು ಇದನ್ನೇ.

ಕಬ್ಬು ಬೆಳೆಗಾರರ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಈ ಹಂಗಾಮಿನಲ್ಲಿ ಎಷ್ಟು ರೈತರು ಹೆಸರು ನೋಂದಾಯಿಸುತ್ತಾರೆ ಎಂಬುದು ತಂತ್ರಾಂಶ ಬರೆಯುವಾಗ ತಿಳಿದಿರುವುದಿಲ್ಲ. ಸಾವಿರ ಜನರಿಗೆಂದು ಮೊದಲೇ ಜಾಗ ಕಾದಿರಿಸಿದರೆ ಮುನ್ನೂರು ಜನ ಬಂದಾಗ ಉಳಿದದ್ದು ವ್ಯರ್ಥ. ಸಾವಿರದ ಒಂದನೆಯ ರೈತ ಬಂದರೆ ಆತನಿಗೆ ಎಡೆಯಿಲ್ಲ. ಆದ್ದರಿಂದ ತಂತ್ರಾಂಶವು ನಡೆಯುತ್ತಿರುವಾಗಲೇ, ಬೇಕಾದಾಗ ಬೇಕಾದಷ್ಟು ಸ್ಮೃತಿಯನ್ನು ಕೇಳಿ ಪಡೆಯುವ ವ್ಯವಸ್ಥೆ ಹುಟ್ಟಿತು.

ಉತ್ತರ ಕರ್ನಾಟಕದವರಿಗೆ ಇದನ್ನು ಲಾವಣಿಯ, ಅಂದರೆ ಗೇಣಿಯ ಹೊಲಕ್ಕೆ ಹೋಲಿಸಿ ಹೇಳಬಹುದು. ‘ಮ್ಯಾಲಕ್’ ಎಂಬ ಆಜ್ಞೆ ಇಂತಿಷ್ಟು ಬೈಟ್ ಬೇಕೆಂದು ಕೇಳಿ ಹೊಲ ಹಿಡಿಯುತ್ತದೆ. ಸಿಕ್ಕಿದರೆ ಅದರ ಮೊದಲ ಬೈಟ್‌ನ ವಿಳಾಸ ಕೈಗೆ ಬರುತ್ತದೆ. ಸಿಗದಿದ್ದರೆ ‘ನಲ್’ ಎಂಬ ಖಾಲಿ ಉತ್ತರ. ಹೊಲ ಹಸನಾಗಿಯೇ ಸಿಗುತ್ತದೆಂಬ ಭರವಸೆಯಿಲ್ಲ, ಹಿಂದಿನ ಬೆಳೆಯ ಕೂಳೆ ಉಳಿದಿರಬಹುದು. ಸ್ವಚ್ಛಗೊಳಿಸಿಯೇ ಕೊಡುವುದು ‘ಕ್ಯಾಲಕ್’. ವಿಸ್ತಾರ ಹೆಚ್ಚು ಕಡಿಮೆ ಮಾಡಲು ‘ರಿಯಾಲಕ್’, ಕೆಲಸ ಮುಗಿದ ಮೇಲೆ ಬಿಟ್ಟುಕೊಡಲು ‘ಫ್ರೀ’. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಏಕೆಂದರೆ ಹೊಲಕ್ಕೆ ಬದು ಇರುತ್ತದೆ, ಬದು ದಾಟಿದರೆ ಪಕ್ಕದವರು ಜಗಳಕ್ಕೆ ಬರುತ್ತಾರೆ. ಸಿ ಭಾಷೆಯಲ್ಲಿ ಹಾಗೆ ತಡೆಯುವವರು ಯಾರೂ ಇಲ್ಲ.

ಇಂಗ್ಲಿಷ್ ಹೆಸರಿನ ಅಳತೆಯಲ್ಲಿ 12 ಬೈಟ್ ಪಡೆದು, ಅಲ್ಲಿಗೆ ಕನ್ನಡದ ‘ಉಗಾರ ಬುದ್ರುಕ’ವನ್ನು ನಕಲಿಸಿದರೆ ಉಳಿದ 23 ಬೈಟ್‌ಗಳು ಪಕ್ಕದ ಜಾಗದ ಮೇಲೆ ಹರಿಯುತ್ತವೆ. ಅಲ್ಲಿ ಇನ್ನೊಬ್ಬ ರೈತನ ಹೆಸರಿರಬಹುದು, ತೂಕವಿರಬಹುದು. ತಂತ್ರಾಂಶ ತಕ್ಷಣ ನಿಂತರೆ ಅದು ಪುಣ್ಯ. ನಿಲ್ಲದೆ ತಪ್ಪು ಲೆಕ್ಕವನ್ನೇ ಮುಂದುವರಿಸಿದರೆ ಪತ್ತೆ ಹಚ್ಚುವುದು ಕಷ್ಟ.

ಎಚ್ಚರಿಕೆಯಿಂದ 12 ಬೈಟ್ ಮಾತ್ರ ನಕಲಿಸಿದರೆ? ‘ಉಗಾರ’ ಎಂಬ ಮೂರು ಅಕ್ಷರಗಳಿಗೆ ಸರಿಯಾಗಿ 12 ಬೈಟ್ ಆಗುತ್ತದೆ. ಕೊನೆಯ ಸೊನ್ನೆಗೂ ಜಾಗ ಉಳಿಯದ ಕಾರಣ, ಓದುವಾಗ ತಂತ್ರಾಂಶ ಗಡಿ ದಾಟಿ ಸಿಕ್ಕಿದ್ದನ್ನೆಲ್ಲ ಓದುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲೇ ಸಕ್ಕರೆ ಕಾರ್ಖಾನೆಯ ಉಗಾರ ಖುರ್ದ ಇದೆ. ಬುದ್ರುಕ ಎಂದರೆ ಹಿರಿದು, ಖುರ್ದ ಎಂದರೆ ಕಿರಿದು. ಎರಡೂ ಪಾರಸಿ ಮೂಲದ ಮಾತುಗಳು. ಹೆಸರು ‘ಉಗಾರ’ಕ್ಕೆ ತುಂಡಾದರೆ ಜಮೀನು ಯಾವ ಊರಿನದೆಂದು ದಾಖಲೆ ನೋಡಿ ಹೇಳುವಂತಿಲ್ಲ. ಹಳೆಯ ಕನ್ನಡ ಫಾಂಟ್‌ಗಳ ಕಾಲದಲ್ಲಿ ಅಕ್ಷರದ ಪ್ರತಿ ತುಣುಕಿಗೆ ಒಂದೇ ಬೈಟ್ ಸಾಕಾಗುತ್ತಿತ್ತು. ಆಗಿನ ಅಳತೆಯನ್ನೇ ಯೂನಿಕೋಡ್‌ಗೂ ಉಳಿಸಿಕೊಂಡ ತಂತ್ರಾಂಶಕ್ಕೂ ಇದೇ ಗತಿ.

ಗಡಿ ದಾಟಿ ಓದುವುದು ಸಣ್ಣ ಸಂಗತಿಯಲ್ಲ. 2014ರಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷದಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು, ಕೇಳಿದವರ ಮಾತು ನಂಬಿ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ತನ್ನ ಸ್ಮೃತಿಯಲ್ಲಿದ್ದುದನ್ನು ಹೊರಚೆಲ್ಲುತ್ತಿತ್ತು; ಗುಪ್ತಪದಗಳೂ ಅದರಲ್ಲಿ ಸೇರಿರಬಹುದಿತ್ತು. 2024ರ ಜುಲೈ 19ರಂದು ಬೆಂಗಳೂರು ವಿಮಾನ ನಿಲ್ದಾಣದ ಪ್ರಯಾಣಿಕರಿಗೂ ಇದರ ಬಿಸಿ ತಟ್ಟಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶ 20 ಮೌಲ್ಯಗಳಿದ್ದ ಕಡೆ 21ನೆಯದನ್ನು ಓದಲು ಹೋಗಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು.

ಪಡೆದುದನ್ನು ಹಿಂದಿರುಗಿಸದಿರುವುದು ಇನ್ನೊಂದು ಬಗೆಯ ತೊಂದರೆ, ‘ಸೋರಿಕೆ’. ಒಂದೊಂದು ಹೆಸರಿಗೆ 35 ಬೈಟ್ ಪಡೆದು ‘ಫ್ರೀ’ ಮಾಡದೆ ಹತ್ತು ಲಕ್ಷ ಸಲ ಸುತ್ತಿದರೆ 3.5 ಕೋಟಿ ಬೈಟ್ ಕೈತಪ್ಪುತ್ತದೆ. ದಿನವೂ ಮುಚ್ಚಿ ತೆರೆಯುವ ಯಂತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ. ತಿಂಗಳುಗಟ್ಟಲೆ ನಡೆಯುವ ಸರ್ವರ್‌ಗಳು ಕುಸಿಯುತ್ತವೆ. 2012ರ ಅಕ್ಟೋಬರ್‌ನಲ್ಲಿ ಅಮೆಜಾನ್‌ನ ಸರ್ವರ್ ಸೇವೆ ಅಸ್ತವ್ಯಸ್ತಗೊಂಡುದರ ಹಿಂದೆ ಇಂಥದೇ ಸೋರಿಕೆಯಿತ್ತು. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಬಳಸುವುದು, ಒಂದೇ ಜಾಗವನ್ನು ಎರಡು ಸಲ ಬಿಟ್ಟುಕೊಡುವುದು ಕೂಡ ಅಪಾಯವೇ.

ಊರ ಹೆಸರಿನ ಮಟ್ಟಿಗೆ ಪರಿಹಾರ ದೊಡ್ಡದೇನಲ್ಲ. ಅಕ್ಷರಗಳನ್ನು ಕಣ್ಣಳತೆಯಲ್ಲಿ ಎಣಿಸದೆ ‘ಸ್ಟ್ರ್‌ಲೆನ್’ ಆಜ್ಞೆಯನ್ನು ಕೇಳಬೇಕು. ಅದು ಅಕ್ಷರವನ್ನಲ್ಲ, ಬೈಟ್‌ಗಳನ್ನು ಎಣಿಸುತ್ತದೆ: ಉಗಾರ ಖುರ್ದಕ್ಕೆ 28, ಉಗಾರ ಬುದ್ರುಕಕ್ಕೆ 34. ಅದಕ್ಕೆ ಒಂದು ಕೂಡಿಸಿ ‘ಮ್ಯಾಲಕ್’ಗೆ ಕೊಟ್ಟು, ಬಂದ ಉತ್ತರ ‘ನಲ್’ ಅಲ್ಲವೆಂದು ನೋಡಿಕೊಂಡ ಮೇಲೆಯೇ ಹೆಸರನ್ನು ನಕಲಿಸಬೇಕು.