ಮೊದಲ ಸಲ ಸ್ಕೀಯಿಂಗಾ? ಊರಿನ ಎತ್ತರ ನೋಡಿ

ಸ್ಕೀಯಿಂಗ್‌ಗೆ ಅಂತ ಯುರೋಪಿಗೆ ಹೊರಟಿದ್ದೀರಾ? ಬರೀ ಫೋಟೊ ನೋಡಿ ರೆಸಾರ್ಟ್ ಬುಕ್ ಮಾಡಬೇಡಿ. ಮೊದಲು ಊರಿನ ಎತ್ತರ ನೋಡಿ.

ಆಸ್ಟ್ರಿಯಾದ ಕಿಟ್ಸ್‌ಬ್ಯೂಹೆಲ್ ತುಂಬ ಚೆಂದದ ಹಳೇ ಪೇಟೆ. ಆದರೆ ಅದಿರೋದು ಸುಮಾರು 760 ಮೀಟರ್ ಎತ್ತರದಲ್ಲಿ. ಚಳಿ ಕಮ್ಮಿಯಾದರೆ ಕೆಳಗಡೆ ಹಿಮದ ಬದಲು ಮಳೆನೇ ಬೀಳಬಹುದು. ಫ್ರಾನ್ಸಿನ ವಾಲ್ ತೊರಾನ್ಸ್ ಊರೇ 2,300 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲೂ ಅಲ್ಲಿ ಸ್ಕೀಯಿಂಗ್ ನಡೆಯುತ್ತೆ. ನಮ್ಮ ಮಕ್ಕಳ ಬೇಸಿಗೆ ರಜೆಗೆ ಹೋಗೋದಾದರೆ ನಾನು ಹೇಳೋದು ಇದನ್ನೇ.

ಆಮೇಲೆ ಇಳಿಜಾರಿನ ಬಣ್ಣ. ಫ್ರಾನ್ಸಿನಲ್ಲಿ ಹಸಿರು ಅತಿ ಸುಲಭ. ನಂತರ ನೀಲಿ, ಕೆಂಪು. ಕಪ್ಪು ಪಳಗಿದವರಿಗೆ ಮಾತ್ರ. ನಕ್ಷೆಯಲ್ಲಿ ಹಸಿರು, ನೀಲಿ ಗೆರೆ ಎಷ್ಟಿವೆ ಎಣಿಸಿ.

ಸ್ಕೀ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತೆ. ಪ್ರವಾಸ ವಿಮೆ ಮಾತ್ರ ಓದಿ ನೋಡಿ, ಸ್ಕೀಯಿಂಗ್ ಗಾಯ ಎಷ್ಟೋ ಪಾಲಿಸಿಗಳಲ್ಲಿ ಸೇರಿರೋದಿಲ್ಲ.