ನೆಲಮಾಳಿಗೆಯಲ್ಲಿ ಹೊಲಿಗೆ ಕೋಣೆ: ಗೋವಾದ ಮಳೆಗೆ ಮುಂಚೆ ಇಷ್ಟು ಮಾಡಿ

ವಾಸ್ಕೋ, ಮಡಗಾಂವ್ ಕಡೆ ಮೇಲಿನ ಕೋಣೆಗಳು ಸಂಸಾರಕ್ಕೇ ಸಾಲದಿದ್ದರೆ ಹೊಲಿಗೆ ಮೆಷಿನ್ ನೆಲಮಾಳಿಗೆಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ತೇವ ಜಾಸ್ತಿ. ಗಿರಾಕಿಯ ಬಟ್ಟೆಗೆ ಬೂಷ್ಟು ಹಿಡಿದರೆ ಹೋಗುವುದು ಕೂಲಿ ಮಾತ್ರ ಅಲ್ಲ, ಹೆಸರು ಕೂಡ.

ಮೊದಲು ಗೋಡೆ ಪರೀಕ್ಷಿಸಿ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಒಳಬದಿಯಲ್ಲಿ ಹನಿ ಕೂತರೆ ನೀರು ಗೋಡೆಯಿಂದಲೇ ಬರ್ತಾ ಇದೆ ಎಂದರ್ಥ. ಕೆಂಪು ಕಲ್ಲು ನೀರು ಹೀರುತ್ತದೆ. ಬರೀ ಪೈಂಟ್ ಸಾಲದು, ಹೊರಗಿನ ಚರಂಡಿ, ಪೈಪ್ ಸರಿಮಾಡಿಸಿ. ಹನಿ ಹೊರಬದಿಯಲ್ಲಿದ್ದರೆ ಅದು ಗಾಳಿಯ ತೇವ. ಬಿಸಿಲು ಬಿದ್ದಾಗ ಗಾಳಿಯಾಡಿಸಿ, ಜೋರು ಮಳೆಯಲ್ಲಿ ಡಿಹ್ಯೂಮಿಡಿಫೈಯರ್ ಹಾಕಿ.

ಬಟ್ಟೆಯ ರ‍್ಯಾಕ್ ನೆಲದಿಂದ ಒಂದು ಅಡಿ ಮೇಲಿರಲಿ, ಗೋಡೆಗೆ ತಾಗುವುದು ಬೇಡ. ಮೆಷಿನ್‌ಗೆ ಎಣ್ಣೆ ಬಿಟ್ಟು, ಪ್ಲಾಸ್ಟಿಕ್ ಬದಲು ಹತ್ತಿ ಬಟ್ಟೆ ಮುಚ್ಚಿ. ಕಡಲ ಗಾಳಿಗೆ ಸೂಜಿಯೂ ತುಕ್ಕು ಹಿಡಿಯುತ್ತದೆ. ಬಲಗೈಯವರಿಗೆ ಲೈಟ್ ಎಡಗಡೆಯಿಂದ ಬರಲಿ, ಆಗ ಕೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ.

ಕರೆಂಟಿನಲ್ಲಿ ಉಳಿತಾಯ ಮಾಡ್ಬೇಡಿ. ಇಸ್ತ್ರಿ ಪೆಟ್ಟಿಗೆ, ಮೋಟಾರ್, ಒದ್ದೆ ನೆಲ ಒಟ್ಟಾದರೆ ಜೀವಕ್ಕೇ ಅಪಾಯ. ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ, ಪ್ಲಗ್‌ಗಳು ಸೊಂಟದೆತ್ತರದಲ್ಲಿರಲಿ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಉಂಟು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಹೊಲಿಯುವ ಕೈ ಯಾರದೋ, ಅರ್ಜಿಯೂ ಅವರ ಹೆಸರಲ್ಲೇ ಹೋಗಲಿ.